ಆಗ್ನೇಯ ಮೂಲೆಯ ನೀರು

ಜಡೆ ಊರಿನ ಗುತ್ಯಪ್ಪ ಯಾವ ಕಟ್ಟಡದೊಳಗೆ ಕಾಲಿಟ್ಟರೂ ಮೊದಲು ನೋಡುವುದು ಸೂರನ್ನು. ಮದುವೆಗೆ ಹೋದರೆ ಹೆಣ್ಣು ಗಂಡಿನ ಮುಖ ಆಮೇಲೆ, ಮೊದಲು ಮೇಲಿನ ಪೈಪು. ತನಗೇ ಹೆಣ್ಣು ನೋಡಲು ಹೋದಾಗಲೂ ಹಾಗೆ ಮೇಲೆ ನೋಡುತ್ತ ಕೂತಿದ್ದು, "ಹುಡುಗನಿಗೆ ಕುತ್ತಿಗೆ ಉಳುಕಿದೆಯಾ?" ಎಂದು ಮಾವನಾಗುವವರಿಂದ ಕೇಳಿಸಿಕೊಂಡ ಆಸಾಮಿ.

ಅವನ ಕೆಲಸವೇ ಅದು. ಬಟ್ಟೆ ಅಂಗಡಿ, ಲಾಡ್ಜು, ಆಸ್ಪತ್ರೆ, ಕಲ್ಯಾಣ ಮಂಟಪಗಳ ಸೂರಿಗೆ ಬೆಂಕಿ ಆರಿಸುವ ಪೈಪು ಜೋಡಿಸುವುದು, ಮೂರು ತಿಂಗಳಿಗೊಮ್ಮೆ ಹೋಗಿ ಪರೀಕ್ಷೆ ಮಾಡಿ ಬರುವುದು. ಸೊರಬದ ಕಡೆ ಸ್ಪ್ರಿಂಕ್ಲರ್ ಎಂದರೆ ತೋಟಕ್ಕೆ ನೀರು ಹಾರಿಸುವ ಜೆಟ್ಟು ಎಂದೇ ಲೆಕ್ಕ. "ನಮ್ಮನೆ ತೋಟದ್ದೂ ಒಂಚೂರು ನೋಡಿ ಹೋಗೋ ಮಾರಾಯ" ಎನ್ನದವರಿಲ್ಲ. "ತೋಟಕ್ಕೆ ಬೆಂಕಿ ಬಿದ್ದಾಗ ಫೋನ್ ಮಾಡು, ಬರ್ತೀನಿ" ಎನ್ನುವ ಬಾಯಿ ಇವನದು.

ಇವನ ಸ್ಪ್ರಿಂಕ್ಲರ್ ಬೇರೆ. ಸೂರಿನಿಂದ ಕೆಳಗೆ ಇಣುಕುವ ಒಂದು ಹಿತ್ತಾಳೆ ಮೂತಿ. ಅದರ ಬಾಯಿಗೆ ಅಡ್ಡವಾಗಿ ಸಣ್ಣ ಗಾಜಿನ ಕೊಳವೆ, ಒಳಗೆ ಕೆಂಪು ದ್ರವ. ಹಿಂದೆ, ತೊಟ್ಟಿಯಿಂದ ಪಂಪು ತಳ್ಳಿದ ನೀರು ಪೈಪಿನ ತುಂಬ ಒತ್ತಿಕೊಂಡು ನಿಂತಿರುತ್ತದೆ. ಕೆಳಗೆ ಬೆಂಕಿ ಎದ್ದು ಬಿಸಿ ಅರವತ್ತೆಂಟು ಡಿಗ್ರಿ ಮುಟ್ಟಿತೋ, ಗಾಜು ಪಟ್ ಎಂದು ಒಡೆದು ನೀರು ಸುರಿಯುತ್ತದೆ. ಎಲ್ಲ ಮೂತಿಗಳೂ ಅಲ್ಲ, ಬಿಸಿ ತಗುಲಿದ್ದು ಮಾತ್ರ. ಗಾಜು ಒಡೆಯಲು ಕರೆಂಟು ಬೇಡ, ಯಾರ ಅಪ್ಪಣೆಯೂ ಬೇಡ. ಒಂದೇ ಷರತ್ತು: ಗೋಡೆಯ ಮೇಲಿರುವ ಕೆಂಪು ಚಕ್ರದ ವಾಲ್ವ್ ತೆರೆದಿರಬೇಕು. ಅದನ್ನು ತಿರುಗಿಸಿ ಬಂದ್ ಮಾಡಿದರೆ ಸೂರಿನಲ್ಲಿರುವುದು ಬರೀ ಕಬ್ಬಿಣ.

ನಾಲ್ಕು ವರ್ಷದ ಹಿಂದೆ ಶಿಕಾರಿಪುರದಲ್ಲಿ ನಾಗರಾಜಪ್ಪ ಮೂರು ಅಂತಸ್ತಿನ ಬಟ್ಟೆ ಅಂಗಡಿ ಕಟ್ಟಿಸಿದಾಗ ಈ ಕೆಲಸ ಮಾಡಿದವನು ಗುತ್ಯಪ್ಪನೇ. ಆಗ ಅವನು ಶಿಕಾರಿಪುರದಲ್ಲಿ ಬಾಡಿಗೆಗಿದ್ದ. ಪಕ್ಕದ ಮನೆಯ ಮಾಳಮ್ಮ ಆರು ವರ್ಷ ಅವನಿಗೆ ರೊಟ್ಟಿ ಹಾಕಿದವಳು. ಬಾಯಿ ತುಂಬ "ಗುತ್ಯಣ್ಣ" ಎನ್ನುತ್ತಿದ್ದಳು. ಆ ಅಂಗಡಿಯಲ್ಲೇ ಅವಳಿಗೆ ಸೀರೆ ಮಡಚುವ ಕೆಲಸ ಸಿಕ್ಕಿತು. ಮೊದಲ ದಿನ ಮೇಲೆ ಬೆರಳು ತೋರಿಸಿ ಕೇಳಿದಳು.

"ಅದೇನು ಗುತ್ಯಣ್ಣ, ನೆತ್ತಿ ಮ್ಯಾಲೆ?"

"ಅದು ನಾನು ನಿಂಗೆ ಇಟ್ಟಿರೋ ನೀರು. ಎಂಥ ಬೆಂಕಿ ಬಿದ್ರೂ ಇದರ ಕೆಳಗೆ ನಿಂತ್ಕ, ನಿಂಗೆ ಎಂತ ಆಗದಿಲ್ಲ."

ಜಂಬಕ್ಕೆ ಆಡಿದ ಮಾತು. ಕೆಲಸದ ಮೇಲೆ ಅಷ್ಟು ನಂಬಿಕೆ ಅವನಿಗೆ. ಅವಳಿಗೆ ಅವನ ಮೇಲೆ ನಂಬಿಕೆ.

ಅಂಗಡಿಯ ಪ್ರಾರಂಭೋತ್ಸವಕ್ಕೆ ಹೋಮ. ವಾಸ್ತು ನೋಡುವವರು ಆಗ್ನೇಯ ಮೂಲೆ ಎಂದರು. ಅಲ್ಲಿ ಸೂರು ತಗ್ಗು. ಗುತ್ಯಪ್ಪ ಮುಂಚೆಯೇ ಹೇಳಿದ: "ಸಾವ್ಕಾರ್ರೆ, ಹೋಮ ಹೊರಗೆ ಇಟ್ಕಳಿ. ಇಲ್ಲೇ ಆಗ್ಬೇಕು ಅಂದ್ರೆ ನನ್ನ ಕರೀರಿ. ಈ ಚಕ್ರ ನಾನೇ ಬಂದ್ ಮಾಡಿ, ಮುಗಿದ್ಮೇಲೆ ನಾನೇ ತೆಗೀತೀನಿ." ವಾಲ್ವಿನ ಚಕ್ರಕ್ಕೆ ತಂತಿ ಸುತ್ತಿ, ಕರೆಂಟು ಮೀಟರಿಗೆ ಹಾಕುವಂಥ ಸೀಸದ ಸೀಲನ್ನೂ ಒತ್ತಿದ್ದ. ಯಾರೂ ಕರೆಯಲಿಲ್ಲ. ಹೋಮ ಒಳಗೇ ಆಯಿತೆಂದು ಅವನಿಗೆ ಆಮೇಲೆ ತಿಳಿಯಿತು. ನೀರು ಬಿದ್ದಿರಲಿಲ್ಲ. ಅಂದೇ ಸಂಶಯ ಬರಬೇಕಿತ್ತು. ಬರಲಿಲ್ಲ. ಮೂರು ತಿಂಗಳ ಪರೀಕ್ಷೆಗೆ ಇನ್ನೂ ಹದಿನೈದು ದಿನ ಇತ್ತು.

ಆ ಹದಿನೈದು ದಿನದೊಳಗೆ ಬೆಂಕಿ ಬಿತ್ತು. ಮಧ್ಯಾಹ್ನ, ಮೇಲಿನ ಅಂತಸ್ತಿನ ಗೋಡೌನಿನಲ್ಲಿ. ಅಲ್ಲಿ ಸೀರೆ ಮಡಚುತ್ತಿದ್ದ ಉಳಿದವರೆಲ್ಲ ಓಡಿದರು. ಮಾಳಮ್ಮ ಓಡಲಿಲ್ಲ. ಗುತ್ಯಣ್ಣ ಹೇಳಿದ್ದನಲ್ಲ! ಆ ಮೂತಿಯ ಕೆಳಗೆ ಹೋಗಿ ಮುಖ ಮೇಲೆತ್ತಿ ನಿಂತಳು. ಪಟ್ ಎಂದು ಗಾಜು ಒಡೆದದ್ದೂ ಕೇಳಿತಂತೆ. ನೀರು ಬರಲಿಲ್ಲ. ಇನ್ನೇನು ಬರುತ್ತದೆ, ಈಗ ಬರುತ್ತದೆ ಎಂದು ನಿಂತೇ ಇದ್ದಳು. ಹೊಗೆ ಉಸಿರು ಕಟ್ಟಿಸಿದ ಮೇಲೆ ಕಬ್ಬಿಣದ ಬಾಗಿಲಿಗೆ ಎರಡೂ ಕೈ ಕೊಟ್ಟು ತಳ್ಳಿಕೊಂಡು ಹೊರಗೆ ಬಿದ್ದಳು. ಆ ಬಾಗಿಲು ಕೆಂಡವಾಗಿತ್ತು. ಜೀವ ಉಳಿಯಿತು. ಅಂಗೈ ಉಳಿಯಲಿಲ್ಲ.

ಅಧಿಕಾರಿಗಳು ಬಂದು ನೋಡಿದಾಗ ವಾಲ್ವ್ ತೆರೆದಿತ್ತು! ತೊಟ್ಟಿಯಲ್ಲಿ ನೀರಿತ್ತು, ಪಂಪಿನ ವೈರು ಸುಟ್ಟು ಕರಕಲಾಗಿತ್ತು. ಹಾಗಾದರೆ ಪಂಪು ಮೊದಲೇ ಕೆಟ್ಟಿತ್ತು, ಕಳಪೆ ಕೆಲಸ ಎಂದು ನಾಗರಾಜಪ್ಪ ಊರ ತುಂಬ ಹೇಳಿಕೊಂಡು ಬಂದ. ತಾನು ತಿರುಗಿಸಿದ ಚಕ್ರವನ್ನು ಬೆಂಕಿ ಆರಿದ ಮೇಲೆ ಮತ್ತೆ ತಿರುಗಿಸಿಟ್ಟು ಬಡವನ ತಲೆಯ ಮೇಲೆ ಗೂಬೆ ಕೂರಿಸಿದ. ಹೊಟ್ಟೆಗೆ ಅನ್ನ ತಿನ್ನುವವನು ಮಾಡುವ ಕೆಲಸವೇ ಇದು? ಗುತ್ಯಪ್ಪ ಹುಡುಕಿದ. ಪಂಪಿನ ಹಿಂದೆ, ಬೂದಿಯಲ್ಲಿ, ಅವನ ಸೀಲು ಸಿಕ್ಕಿತು. ತಂತಿಯನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದ್ದರು. ಠಾಣೆಗೆ ಹೋಗಿ ತೋರಿಸಿದರೆ, "ನೀನೇ ಕತ್ತರಿಸಿ ತಂದಿದ್ದೀಯ" ಎಂದರು.

ಅದನ್ನೂ ಸಹಿಸಿಕೊಂಡಿದ್ದನೇನೋ. ಆದರೆ ಆಸ್ಪತ್ರೆಗೆ ಹೋದಾಗ ಮಾಳಮ್ಮ ಮುಖ ತಿರುಗಿಸಿದಳು.

"ನಿನ್ನ ಮಾತು ನಂಬಿ ನಿಂತ್ಕಂಡಿದ್ದೆ. ಹೋಗು ಇಲ್ಲಿಂದ."

ನಾಗರಾಜಪ್ಪನ ಹೆಂಡತಿ ರಾಜೇಶ್ವರಮ್ಮನವರೇ ಅವಳಿಗೆ ಔಷಧ, ಆರೈಕೆ ಎಲ್ಲ ನೋಡಿಕೊಂಡರು. ಒಳ್ಳೆಯ ಹೆಂಗಸು, ಪಾಪ. ಮಾಳಮ್ಮನ ಕಣ್ಣಿಗೆ ಸಾವ್ಕಾರನ ಮನೆ ದೇವರ ಮನೆಯಾಯಿತು, ಗುತ್ಯಪ್ಪ ರಾಕ್ಷಸನಾದ. ಅವನು ಗಂಟುಮೂಟೆ ಕಟ್ಟಿ ಜಡೆಗೆ ಬಂದ. ಕತ್ತರಿಸಿದ ಆ ಸೀಲನ್ನು ಸಾಮಾನಿನ ಚೀಲದಲ್ಲಿ ಇಟ್ಟುಕೊಂಡ. ಸ್ಪಾನರ್ ತೆಗೆಯಲು ಕೈ ಹಾಕಿದಾಗಲೆಲ್ಲ ಬೆರಳಿಗೆ ಅದು ಚುಚ್ಚುತ್ತಿತ್ತು. ಚುಚ್ಚಲಿ ಎಂದೇ ಇಟ್ಟುಕೊಂಡಿದ್ದ. ನಿಜವನ್ನು ನಿನ್ನ ಬಾಯಿಂದಲೇ ಹೊರಡಿಸುತ್ತೇನೆ ಮಗನೇ, ಅದೂ ಮಾಳಮ್ಮನ ಕಿವಿಗೆ ಬೀಳುವ ಹಾಗೆ, ಎಂದು ನಾಗರಾಜಪ್ಪನನ್ನು ನೆನೆದು ಹಲ್ಲು ಕಡಿಯುತ್ತಿದ್ದ. ಅವನಿಗೆ ಬೇಕಾಗಿದ್ದು ಅಷ್ಟೇ. ಪರಿಹಾರ ಬೇಡ, ಕೋರ್ಟು ಬೇಡ.

ಕಾಲ ಕೂಡಿ ಬಂತು. ನಾಗರಾಜಪ್ಪ ಸೊರಬದಲ್ಲಿ, ಆನವಟ್ಟಿ ರಸ್ತೆಗೆ, ದೊಡ್ಡ ಕಲ್ಯಾಣ ಮಂಟಪ ಎಬ್ಬಿಸಿದ. ಬೆಂಕಿ ಪೈಪಿನ ಕೆಲಸ ಶಿವಮೊಗ್ಗದ ಒಂದು ಕಂಪನಿಗೆ ಹೋಯಿತು. ಆ ಕಂಪನಿಗೆ ಈ ಕಡೆ ಇದ್ದ ಪಳಗಿದ ಕೈ ಒಂದೇ, ಗುತ್ಯಪ್ಪನದು. ಏಣಿಯ ಮೇಲೆ ಅವನನ್ನು ಕಂಡು ಸಾವ್ಕಾರ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಕೆಲಸಗಾರರೆಲ್ಲರ ಎದುರಿಗೆ ದೊಡ್ಡ ಮನುಷ್ಯನ ಗತ್ತಿನಲ್ಲಿ ಹೇಳಿದ.

"ಇರ್ಲಿ ಬಿಡ್ರಿ. ಹಿಂದಿಂದೆಲ್ಲ ನಾನು ಕ್ಷಮಿಸೀನಿ. ಈ ಸರ್ತಿನಾರ ನೆಟ್ಟಗ ಮಾಡು ಗುತ್ಯಪ್ಪ."

ಕ್ಷಮಿಸಿದ್ದಾನಂತೆ! ಗುತ್ಯಪ್ಪನ ಮೈಯೆಲ್ಲ ಉರಿದು ಹೋಯಿತು. "ಆಗ್ಲಿ ಸಾವ್ಕಾರ್ರೆ, ನೆಟ್ಟಗೇ ಮಾಡ್ತೀನಿ" ಎಂದು ಮತ್ತೆ ಸೂರಿನ ಕಡೆ ತಿರುಗಿದ.

ನೆಟ್ಟಗೇ ಮಾಡಿದ. ಒಂದು ಕೀಲೂ ಸೋರದ ಹಾಗೆ ಮಾಡಿದ. ಆಗ್ನೇಯ ಮೂಲೆಗೆ ಬಂದಾಗ ಮಾತ್ರ ಏಣಿಯ ಮೇಲೆ ಸ್ವಲ್ಪ ಹೊತ್ತು ಕೂತ. ಅಲ್ಲಿ ಅಲಂಕಾರಕ್ಕೆಂದು ಸೂರು ಇಳಿಸಿದ್ದರು. ಹೋಮ ಅಲ್ಲೇ ಆಗುವುದೆಂದು ಅವನಿಗೆ ಗೊತ್ತು. ಚೀಲದಲ್ಲಿ ಹಸಿರು ಗಾಜಿನ ಮೂತಿಗಳೂ ಇದ್ದವು, ಅಡುಗೆಮನೆಗೆ ಹಾಕುವಂಥವು, ಹೆಚ್ಚು ಬಿಸಿ ತಡೆಯುವಂಥವು. ನಕ್ಷೆಯಲ್ಲಿ ಕೆಂಪು ಎಂದಿತ್ತು. ಕೆಂಪನ್ನೇ ಹಾಕಿದ. ವಾಲ್ವ್ ಸಭಾಂಗಣದ ಗೋಡೆಯಲ್ಲೇ ಇತ್ತು, ಊಟದ ಕೋಣೆಯ ಬಾಗಿಲ ಪಕ್ಕ, ಜರಿಯ ಪರದೆಯ ಹಿಂದೆ. ತಂತಿಯನ್ನು ಯಾರು ಬೇಕಾದರೂ ಕತ್ತರಿಸಬಹುದು. ಈ ಸಲ ಚಕ್ರಕ್ಕೆ ದಪ್ಪ ಸರಪಳಿ ಸುತ್ತಿ ಬೀಗ ಜಡಿದ. ತೆರೆದ ವಾಲ್ವಿಗೆ ಬೀಗ ಹಾಕಬೇಕೆಂದು ನಿಯಮವೇ ಇದೆ. ಕೀಲಿ ಉಡಿದಾರಕ್ಕೆ ಕಟ್ಟಿಕೊಂಡ.

ಪ್ರಾರಂಭೋತ್ಸವದ ಬೆಳಿಗ್ಗೆ. ನಾಲ್ಕುನೂರು ಜನ, ರೇಷ್ಮೆ ಸೀರೆಗಳ ಸರಭರ. ಮಾಳಮ್ಮನೂ ಬಂದಿದ್ದಳು. ರಾಜೇಶ್ವರಮ್ಮ ಅವಳನ್ನು ಮನೆಯವಳ ಹಾಗೆ ಕರೆತಂದಿದ್ದರು. ಮುರುಟಿದ ಬೆರಳುಗಳಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದವಳು ಗುತ್ಯಪ್ಪನನ್ನು ಕಂಡು ಬೇರೆ ಕಡೆ ನೋಡಿದಳು. ಚಿದಂಬರ ಭಟ್ಟರು ಆಗ್ನೇಯ ಮೂಲೆಯಲ್ಲಿ ಕುಂಡಕ್ಕೆ ಸಮಿತ್ತು ಜೋಡಿಸುತ್ತಿದ್ದರು. ನಾಗರಾಜಪ್ಪ ಅವಸರದಲ್ಲಿ ಹಾದು ಹೋಗುತ್ತ ಗುತ್ಯಪ್ಪನ ಕಿವಿಯ ಹತ್ತಿರ ಬಗ್ಗಿದ.

"ಒಳಗ ಹೋಮ ಐತಿ. ಗೊತ್ತಲ್ಲ?"

"ಗೊತ್ತು" ಎಂದ ಗುತ್ಯಪ್ಪ.

ಸಾವ್ಕಾರನಿಗೆ ಅಷ್ಟು ಸಾಕಾಯಿತು, ಹೋಗಿ ಮಣೆಯ ಮೇಲೆ ಕೂತ. ಗುತ್ಯಪ್ಪ ಪರದೆಯ ಪಕ್ಕದಲ್ಲಿ ಕೈ ಕಟ್ಟಿ ನಿಂತ. ಮಂತ್ರ ಏರಿತು, ತುಪ್ಪ ಬಿತ್ತು, ಜ್ವಾಲೆ ಆಳೆತ್ತರ ಎದ್ದಿತು. ಪೂರ್ಣಾಹುತಿಗೆ ರೇಷ್ಮೆ ವಸ್ತ್ರ, ಕೊಬ್ಬರಿ, ಮತ್ತೊಂದು ಚೊಂಬು ತುಪ್ಪ. ಸುರೀರಿ ಭಟ್ರೆ, ಕೈ ಬಿಚ್ಚಿ ಸುರೀರಿ, ಎಂದು ಗುತ್ಯಪ್ಪನ ಹೊಟ್ಟೆಯೊಳಗೆ ಯಾರೋ ಕೂಗುತ್ತಿದ್ದರು.

ಪಟ್!

ಪೈಪಿನಲ್ಲಿ ತಿಂಗಳುಗಟ್ಟಲೆ ನಿಂತ ನೀರು ಮೊದಲಿಗೆ ಹೇಗಿರುತ್ತದೆಂದು ಬಲ್ಲವರೇ ಬಲ್ಲರು. ಕಪ್ಪಗೆ, ಎಣ್ಣೆ ಎಣ್ಣೆಯಾಗಿ, ಗಬ್ಬು ನಾತ. ಅದು ಭರ್ರೆಂದು ನಾಗರಾಜಪ್ಪನ ನೆತ್ತಿಗೆ, ಜರಿ ಪಂಚೆಗೆ, ಹೋಮ ಕುಂಡಕ್ಕೆ ಸುರಿಯಿತು. "ಅಗ್ನೀನೇ ಆರಿಹೋಯ್ತಲ್ಲ ಸಾವ್ಕಾರ್ರೆ!" ಎಂದು ಭಟ್ಟರು ಪುಸ್ತಕ ಎದೆಗವಚಿಕೊಂಡು ಎದ್ದರು. ಹಿಂದುಗಡೆ ಪಂಪು ತಾನಾಗಿ ಗುರ್ ಎಂದು ಎದ್ದುಕೊಂಡಿತು. ಜನ ಎಲ್ಲಿಂದ ನೀರು, ಏನು ನೀರು ಎಂದು ಕಂಗಾಲಾಗಿ ಬಾಗಿಲ ಕಡೆ ನುಗ್ಗಿದರು.

ಒಬ್ಬನು ಮಾತ್ರ ಬಾಗಿಲಿಗೆ ಓಡಲಿಲ್ಲ. ನಾಗರಾಜಪ್ಪ ನೆಟ್ಟಗೆ ಪರದೆಯ ಹತ್ತಿರ ಓಡಿ ಬಂದ, ಅದನ್ನು ಕಿತ್ತೆಸೆದ, ಎರಡೂ ಕೈಯಲ್ಲಿ ಕೆಂಪು ಚಕ್ರ ಹಿಡಿದು ತಿರುವಿದ. ನಾಲ್ಕುನೂರು ಜನರಲ್ಲಿ ಆ ಚಕ್ರ ಯಾವುದಕ್ಕೆಂದು ಗೊತ್ತಿದ್ದದ್ದು ಇಬ್ಬರಿಗೆ. ಸರಪಳಿ ಝಣಗುಟ್ಟಿತು, ಚಕ್ರ ಕದಲಲಿಲ್ಲ.

"ಬೀಗ ಯಾಕ ಹಾಕೀಯಲೇ? ಬಂದ್ ಮಾಡಾಕ ಆಗ್ಲಿಲ್ಲೇನು ನಿನಗ?"

"ಬಂದ್ ಮಾಡು ಅಂತ ನೀವು ಹೇಳ್ಲಿಲ್ಲ ಸಾವ್ಕಾರ್ರೆ. ಹೋಮ ಇದೆ ಅಂದ್ರಿ."

"ಹೋಮ ಐತಿ ಅಂದ್ರ ಬಂದ್ ಮಾಡ್ಬೇಕು ಅಂತ ತಿಳಿಯಂಗಿಲ್ಲೇನು! ಅಲ್ಲಿ ನಾನೇ ಕೈಯಾರೆ ಬಂದ್ ಮಾಡಿದ್ದೆ, ಒಂದ್ ಹನಿ ಬಿತ್ತೇನು?"

"ಎಲ್ಲಿ?" ಗುತ್ಯಪ್ಪ ಇನ್ನೂ ಮೆತ್ತಗೆ ಕೇಳಿದ.

"ಶಿಕಾರಿಪುರದ ಅಂಗಡ್ಯಾಗ!"

"ಹೋಮ ಮುಗಿದ್ಮೇಲೆ ತೆಗೆದ್ರಾ?"

"ಗಡಿಬಿಡ್ಯಾಗ ಅದು ಯಾರಿಗೆ ನೆನಪಿರ್ತತಿ? ಬೆಂಕಿ ಬಿದ್ ಮ್ಯಾಲೆ..."

ಬಾಯಿ ಅಲ್ಲಿಗೆ ನಿಂತಿತು. ಆದರೆ ಹೊರಗೆ ಬಂದದ್ದು ಬಂದಾಗಿತ್ತು. ಗುತ್ಯಪ್ಪ ಚೀಲದಿಂದ ಆ ಹಳೆಯ ಸೀಲನ್ನು ತೆಗೆದು, ಅವನ ಒದ್ದೆ ಅಂಗೈಗೆ ಇಟ್ಟು, ಬೆರಳು ಮಡಚಿದ. "ತಗಳಿ. ನಿಮ್ದೇ ವಸ್ತು. ನಾಲ್ಕು ವರ್ಷ ನಾನು ಕಾಯ್ಕಂಡು ಕೂತಿದ್ದೆ."

ರಾಜೇಶ್ವರಮ್ಮ ಎರಡು ಮಾರು ದೂರದಲ್ಲಿ ನಿಂತಿದ್ದರು. "ಏನಂದ್ರಿ?" ಎಂದರು ಗಂಡನಿಗೆ. "ಅವತ್ತು ಬಂದ್ ಮಾಡಿದ್ದು ನೀವಾ?" ಅವನು ನೆಲ ನೋಡಿದ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದರು. ಆ ಕ್ಷಣಕ್ಕೆ ಗುತ್ಯಪ್ಪನಿಗೆ ಆದ ಸಂತೋಷ ಒಳ್ಳೆಯ ಸಂತೋಷವೇನಲ್ಲ. ಆದರೆ ಆಯಿತು, ಹೊಟ್ಟೆ ತುಂಬ ಆಯಿತು.

ಆಮೇಲೆ ಅವನು ಮಾಳಮ್ಮನನ್ನು ಹುಡುಕಿದ. ರಾಜೇಶ್ವರಮ್ಮನ ಬೆನ್ನ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವಳು ಇತ್ತ ಬರಲಿಲ್ಲ. ಹೂವಿನ ತಟ್ಟೆಯನ್ನು ನೆಲಕ್ಕಿಟ್ಟು, ಎಲ್ಲರೂ ಬಿಟ್ಟು ಓಡಿದ ಆಗ್ನೇಯ ಮೂಲೆಯ ಕಡೆ ನಡೆಯುತ್ತಿದ್ದಳು. ಕಪ್ಪು ನೀರು ಹರಿದು ಹೋಗಿ ಈಗ ತಿಳಿನೀರು ಬರುತ್ತಿತ್ತು. ಅದರ ಕೆಳಗೆ ಹೋಗಿ, ಅವತ್ತಿನ ಹಾಗೇ, ಮುಖ ಮೇಲೆತ್ತಿ ನಿಂತಳು. ಸುಟ್ಟ ಎರಡೂ ಅಂಗೈಯನ್ನು ನೀರಿಗೆ ಒಡ್ಡಿದಳು.

"ಗುತ್ಯಣ್ಣ" ಎಂದಳು. ನಾಲ್ಕು ವರ್ಷದಲ್ಲಿ ಮೊದಲ ಸಲ. "ಅವತ್ತು ಬೀಳ್ಬೇಕಾಗಿದ್ದು ಇದೇನಾ?"

"ಇದೇ ಕಣೆ ಮಾಳಮ್ಮ" ಎಂದ.

ನಾಗರಾಜಪ್ಪ ಅವನ ತೋಳು ಹಿಡಿದ. "ಕಾಲಿಗೆ ಬೀಳ್ತೀನೋ ಮಾರಾಯ, ಬೀಗ ತೆಗಿ. ಮಂಟಪ ಎಲ್ಲ ಹಾಳಾತು."

ಗುತ್ಯಪ್ಪ ಉಡಿದಾರಕ್ಕೆ ಕೈ ಹಾಕಿ ಮಾಳಮ್ಮನ ಮುಖ ನೋಡಿದ. ಅವಳು ನೀರಿನೊಳಗಿಂದಲೇ ಬೇಡ ಎಂದು ತಲೆಯಾಡಿಸಿದಳು.

"ಈಗ್ಲೇ ಬ್ಯಾಡ. ಇನ್ನಷ್ಟು ಬೀಳ್ಲಿ."

ಗುತ್ಯಪ್ಪ ಕೀಲಿಯನ್ನು ಮತ್ತೆ ಉಡಿದಾರಕ್ಕೆ ಸಿಕ್ಕಿಸಿ ಕೈ ಕಟ್ಟಿಕೊಂಡು ನಿಂತ.