ಒಂದು ಗೇಣು ಮಹಾಧಮನಿ

ಗುಂಡಿಗೆ ಅಕ್ಕನ ಬಕೆಟ್ಟಿನಲ್ಲಿ ಹನ್ನೆರಡು ಹೃದಯಗಳಿವೆ, ಒಂದಕ್ಕೂ ಮಹಾಧಮನಿ ಇಲ್ಲ.

ಬೆಳಗಿನ ಐದೂವರೆ. ಹಂದಿ ಮಾಂಸದ ಅಂಗಡಿಯ ಹಿಂಬದಿಯಲ್ಲಿ ಒಂದೇ ಟ್ಯೂಬ್‌ಲೈಟು ಉರಿಯುತ್ತಿದೆ. ಆಗಷ್ಟೇ ತೊಳೆದ ನೆಲದ ಮೇಲೆ ಚಪ್ಪಲಿ ಜಾರುತ್ತದೆ. ಅಕ್ಕ ಒಂದೊಂದೇ ಹೃದಯವನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ ಮತ್ತೆ ಬಕೆಟ್ಟಿಗೆ ಹಾಕುತ್ತಾರೆ. ಎಲ್ಲವನ್ನೂ ಬುಡಕ್ಕೇ ಕತ್ತರಿಸಲಾಗಿದೆ. ನೋಡಲು ಚೊಕ್ಕ, ಕೆಲಸಕ್ಕೆ ಸೊನ್ನೆ.

"ಯಾರಪ್ಪಾ ಇದನ್ನ ಕಟ್ ಮಾಡಿದ್ದು?"

ಕತ್ತಿ ಒರೆಸುತ್ತ ನಿಂತಿದ್ದ ಅಂಗಡಿ ಯಜಮಾನರ ಅಳಿಯ ಬೆನ್ನು ತಟ್ಟಿಸಿಕೊಳ್ಳುವವನಂತೆ ಮುಂದೆ ಬರುತ್ತಾನೆ. "ನಾನೇ ಅಕ್ಕ. ಮಾವಂಗೆ ಜ್ವರ. ಡಾಕ್ಟ್ರುಗಳಿಗೆ ಹೋಗೋ ಮಾಲು ಅಂದ್ರು. ಅದಕ್ಕೇ ನಾಳ ಗೀಳ ಎಲ್ಲ ತೆಗೆದು ನೀಟಾಗಿ ಮಾಡ್ಕೊಟ್ಟೆ."

"ನಿನ್ನ ನೀಟಿಗಿಷ್ಟು ಬೆಂಕಿ ಹಾಕ! ಮದುಮಗನ್ನ ಮನೇಲಿ ಬಿಟ್ಟು ದಿಬ್ಬಣ ಕರ್ಕೊಂಡು ಬಂದಂಗಾಯ್ತಲ್ಲೋ. ನಂಗೆ ಬೇಕಿದ್ದಿದ್ದೇ ಆ ನಾಳ."

ಆ ನಾಳವೇ ಮಹಾಧಮನಿ. ಹೃದಯದಿಂದ ಹೊರಟು ಇಡೀ ಮೈಗೆ ರಕ್ತ ಹಂಚುವ ದೊಡ್ಡ ಕೊಳವೆ. ಅಳಿಯನ ಮಾವ ಏಳು ವರ್ಷಗಳಿಂದ ಹದಿನೈದು ದಿನಕ್ಕೊಮ್ಮೆ, ಹೃದಯಕ್ಕೆ ಅಂಟಿದಂತೆ ಒಂದು ಗೇಣು ಮಹಾಧಮನಿ ಉಳಿಸಿ ಕೊಡುತ್ತಾರೆ. ಆ ಅಳತೆ ಕಲಿಸಿದ್ದು ಅಕ್ಕ. ತಮ್ಮದೇ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕೈ ಚಾಚಿ, ಕಟ್ಟೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಕಲಿಸಿದ್ದು. ಕಟ್ಟೆ ತೊಳೆದಾಗ ಗೆರೆ ಹೋಯಿತು. ಅಳಿಯನಿಗೆ ಹೇಳುವುದನ್ನು ಮಾವ ಮರೆತರು.

ಅಕ್ಕನ ವಯಸ್ಸು ನಲವತ್ತೊಂಬತ್ತು. ಊರಿನ ದೊಡ್ಡ ಆಸ್ಪತ್ರೆಯ ದಾಖಲೆಯಲ್ಲಿ ಅವರು ಶುಚಿತ್ವ ಸಿಬ್ಬಂದಿ. ಮೂರನೇ ಮಹಡಿಯ ತರಬೇತಿ ಕೋಣೆಯಲ್ಲಿ ತಿಂಗಳಿಗೆ ಎರಡು ಶನಿವಾರ ಸುತ್ತಮುತ್ತಲ ಸಣ್ಣ ಆಸ್ಪತ್ರೆಗಳ ಇಪ್ಪತ್ತನಾಲ್ಕು ವೈದ್ಯರು ಹೃದಯ ಮತ್ತು ಮಹಾಧಮನಿಯ ಕಾಯಿಲೆಗಳ ಪಾಠಕ್ಕೆ ಕೂರುತ್ತಾರೆ. ಕೆಲವರು ಹತ್ತು ವರ್ಷ, ಕೆಲವರು ಇಪ್ಪತ್ತೈದು ವರ್ಷ ರೋಗಿಗಳನ್ನು ನೋಡಿದವರು. ಓದು ಮುಗಿದ ಮೇಲೂ ಓದಲೇಬೇಕಾದವರು. ಅವರ ಮುಂದಿನ ತಟ್ಟೆಗೆ ಹೃದಯ ಬಂದು ಬೀಳುವುದು ಅಕ್ಕನ ಕೈಯಿಂದ. ಇಂಥ ನೂರೈವತ್ತಕ್ಕೂ ಹೆಚ್ಚು ತರಗತಿಗಳಾಗಿವೆ. ಅಕ್ಕ ತೊಳೆದ ಹೃದಯಗಳ ಸಂಖ್ಯೆ ಸಾವಿರದ ಎಂಟುನೂರು ದಾಟಿದೆ.

ಬೇರೆ ಶನಿವಾರವಾಗಿದ್ದರೆ ಅಳಿಯನಿಗೆ ನಾಲ್ಕು ಬೈದು, ಇರುವುದರಲ್ಲಿ ಏನೋ ಒಂದು ಮಾಡಿ ಮುಗಿಸುತ್ತಿದ್ದರು. ಈ ಶನಿವಾರ ಹಾಗಲ್ಲ. ವೈದ್ಯರು ನೋಂದಣಿ ಮುಂದುವರಿಸಬೇಕಾದರೆ ಇಂಥ ತರಬೇತಿಗಳಿಂದ ಇಂತಿಷ್ಟು ಅಂಕ ಗಳಿಸಲೇಬೇಕು. ಅಂಕ ಕೊಡುವ ಪರಿಷತ್ತಿಗೆ ಯಾರೋ ದೂರು ಬರೆದಿದ್ದಾರೆ: ಅದು ಪಾಠವಲ್ಲ, ಮಾಂಸದಂಗಡಿ, ಪಾಠ ಹೇಳುವಾಕೆಗೆ ಅರ್ಹತೆಯೇ ಇಲ್ಲ. ಆ ಪಾಠ ಹೇಳುವಾಕೆ ಅಕ್ಕನೇ. ತಪಾಸಣೆಗೆ ಇವತ್ತೇ ಹತ್ತು ಗಂಟೆಗೆ ಬರುತ್ತಾರೆ. ಅಂಕ ನಿಂತರೆ ಸಣ್ಣ ಆಸ್ಪತ್ರೆಗಳು ವೈದ್ಯರಿಗೆ ರಜೆ ಕೊಡುವುದಿಲ್ಲ. ವೈದ್ಯರಿಲ್ಲದಿದ್ದರೆ ತರಗತಿ ಇಲ್ಲ. ಅಕ್ಕನಿಗೆ ಆಗ ನೆಲಮಹಡಿಯ ಬಟ್ಟೆ ಒಗೆಯುವ ವಿಭಾಗ ಕಾದಿದೆ.

"ಇನ್ನೆಷ್ಟು ಉಳಿದಿವೆ ಕಡಿಯೋಕೆ?"

"ಒಂಬತ್ತು. ಆರೂವರೆಗೆ ಶುರು."

"ಈಗಲೇ ಶುರು ಮಾಡು. ನಾನು ಪಕ್ಕದಲ್ಲೇ ನಿಂತಿರ್ತೀನಿ."

ತೋಳು ಮೇಲೇರಿಸಿ ನಿಂತೇಬಿಡುತ್ತಾರೆ. "ಅಲ್ಲಲ್ಲ, ಕೈ ತಡಿ. ಬೆನ್ನುಮೂಳೆಗೆ ಅಂಟ್ಕೊಂಡು ಹೋಗಿರುತ್ತೆ ನೋಡು. ಬೆರಳಲ್ಲಿ ಬಿಡಿಸು. ಕತ್ತಿ ಆಮೇಲೆ." ಮೊದಲನೆಯದು ಮುಕ್ಕಾಲು ಗೇಣು ಬರುತ್ತದೆ. ನಾಲ್ಕನೆಯದರ ಹೊತ್ತಿಗೆ ಅಳಿಯನ ಕೈ ಪಳಗುತ್ತದೆ. ಒಂಬತ್ತನೆಯದು ಗೇಣಿನ ಮೇಲೆ ಎರಡು ಬೆರಳು ಉದ್ದ.

"ಅಕ್ಕ, ನೀವು ನಮ್ಮ ಅಂಗಡಿಗೇ ಬಂದ್ಬಿಡಿ. ಮಾವನಿಗಿಂತ ಚೆನ್ನಾಗಿ ಹೇಳ್ಕೊಡ್ತೀರ."

"ಸಂಜೆವರೆಗೂ ತಡಿ. ಆಮೇಲೆ ನಾನೇ ಕೆಲಸ ಕೇಳ್ಕೊಂಡು ಬಂದ್ರೂ ಬಂದೆ."

ಎಂಟು ಗಂಟೆಗೆ ತರಬೇತಿ ಕೋಣೆಯ ತೊಟ್ಟಿಯಲ್ಲಿ ನೀರಿನ ಸದ್ದು. ಪ್ರತಿ ಹೃದಯಕ್ಕೂ ಮೂರು ನೀರು. ಮೊದಲನೆಯದು ರಕ್ತಕ್ಕೆ, ಎರಡನೆಯದು ಒಳಗೆ ಹೆಪ್ಪುಗಟ್ಟಿದ ಗಂಟುಗಳಿಗೆ, ಮೂರನೆಯದು "ನಂಗೆ ಸಮಾಧಾನ ಆಗೋಕೆ". ಆಮೇಲೆ ಐಸು ಹಾಕಿದ ಉಪ್ಪುನೀರು. ಗಂಟು ತೆಗೆಯಲು ಇಕ್ಕಳ ಮುಟ್ಟುವುದಿಲ್ಲ, ಕಿರುಬೆರಳು ಹಾಕುತ್ತಾರೆ. ಇಕ್ಕಳಕ್ಕೆ ಗಂಟು ಯಾವುದು, ಕವಾಟ ಯಾವುದು ಗೊತ್ತಾಗುವುದಿಲ್ಲ ಎಂಬುದು ಅವರ ವಾದ.

ಇಪ್ಪತ್ತಾರನೇ ವಯಸ್ಸಿನಲ್ಲಿ ವಾರ್ಡಿನ ನೆಲ ಒರೆಸಲು ಸೇರಿದವರು ಅಕ್ಕ. ಹದಿನಾರು ವರ್ಷ ನೆಲವನ್ನೇ ಒರೆಸಿದರು. ತರಬೇತಿ ಕೋಣೆ ಆರಂಭವಾದಾಗ ಹೃದಯ ತೊಳೆಯುವವರು ಬೇಕಾಯಿತು. ಉಳಿದವರೆಲ್ಲ ಮೂಗು ಮುಚ್ಚಿಕೊಂಡರು. ಅಕ್ಕ ಕೈ ಎತ್ತಿದರು. ಕಾರಣ ಕೇಳಿದರೆ ಮುಚ್ಚುಮರೆ ಇಲ್ಲ: "ಸ್ಟೂಲ್ ಮೇಲೆ ಕೂತು ಮಾಡೋ ಕೆಲಸ ಅಂದ್ರು. ಅಷ್ಟೊತ್ತಿಗೆ ನನ್ನ ಮಂಡಿ ಕೈಕೊಟ್ಟಿತ್ತು."

ಮನೆಯಲ್ಲಿ ಈ ಕೆಲಸಕ್ಕೆ ಮರ್ಯಾದೆ ಅಷ್ಟಕ್ಕಷ್ಟೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ, "ನಂದೂ ಪೈಪು, ಇವಳದೂ ಪೈಪು. ನನ್ನ ಪೈಪು ವಾಸನೆ ಕಮ್ಮಿ" ಎನ್ನುತ್ತಾರೆ. ಅತ್ತೆಯದು ಬೇರೆಯೇ ದೂರು. ಒಮ್ಮೆ ಆಸ್ಪತ್ರೆಯ ಫ್ರಿಜ್ಜು ಕೆಟ್ಟು, ಅಕ್ಕ ಆರು ಹೃದಯಗಳನ್ನು ಡಬ್ಬಿಯಲ್ಲಿ ಮುಚ್ಚಿ ಮನೆಯ ಫ್ರಿಜ್ಜಿನಲ್ಲಿಟ್ಟಿದ್ದರು. ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದ ಅತ್ತೆ ಡಬ್ಬಿಯ ಮುಚ್ಚಳವನ್ನೂ ತೆಗೆದರು. "ಆರು ಗುಂಡಿಗೆ ಒಳಗಿಟ್ಟು ನನ್ನ ಒಂದು ಗುಂಡಿಗೆ ನಿಲ್ಲಿಸೋಕೆ ಹೊರಟಿದ್ಲು ಮಹರಾಯ್ತಿ" ಎಂದು ಅವರು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಹೇಳುವಾಗ ಸೊಸೆಯ ಕಡೆ ನೋಡಿ ನಗುತ್ತಾರೆ. ಗುಂಡಿಗೆ ಅಕ್ಕ ಎಂಬ ಹೆಸರು ಆಸ್ಪತ್ರೆಗೆ ಹೋದದ್ದೂ ಈ ಕತೆಯ ಜೊತೆಯಲ್ಲೇ.

ತೊಳೆಯುವ ಕೆಲಸ ಪಾಠ ಹೇಳುವ ಕೆಲಸವಾದದ್ದು ಒಂದು ತಪ್ಪಿನಿಂದ. ಮೊದಲ ವರ್ಷದಲ್ಲೇ ಒಂದು ದಿನ ಮಹಾಧಮನಿಗೆ ನೀರು ಬಿಡುವಾಗ ಕೊಳಾಯಿಯ ಚೂಪು ಮೂತಿ ನಾಳದ ಒಳಗೆ ಹೋಗುವ ಬದಲು ಅದರ ಗೋಡೆಯೊಳಕ್ಕೆ ತೂರಿತು. ನೀರು ಗೋಡೆಯ ಪದರಗಳನ್ನು ಸೀಳಿಕೊಂಡು ಓಡಿತು. ನಾಳ ಪಕ್ಕಕ್ಕೆ ಊದಿ, ನಿಜವಾದ ದಾರಿ ಚಪ್ಪಟೆಯಾಗಿ, ಅದರ ಪಕ್ಕದಲ್ಲೊಂದು ಸುಳ್ಳು ದಾರಿ ಹುಟ್ಟಿಕೊಂಡಿತು. ಅಕ್ಕ ಗಾಬರಿಯಾಗಿ ಅದನ್ನು ಉಳಿದ ಹೃದಯಗಳ ಅಡಿಯಲ್ಲಿ ಬಚ್ಚಿಟ್ಟರು. ಹೃದಯದ ಶಸ್ತ್ರಚಿಕಿತ್ಸೆ ಮಾಡುವ, ಎಲ್ಲರೂ ದೊಡ್ಡ ಡಾಕ್ಟ್ರು ಎನ್ನುವ ಹಿರಿಯರ ಕೈಗೆ ಅದೇ ಸಿಕ್ಕಿತು.

"ಯಾರು ಮಾಡಿದ್ದು ಇದನ್ನ?"

"ನಾನೇ ಸರ್. ತಪ್ಪಾಯ್ತು."

"ಇನ್ನೊಂದು ಸಲ ಮಾಡಿ ತೋರ್ಸಮ್ಮ."

ಮನುಷ್ಯರ ಮಹಾಧಮನಿ ಬಿರಿಯುವುದೂ ಹೀಗೆಯೇ. ಒಳಪದರ ಹರಿದು, ರಕ್ತ ಗೋಡೆಯೊಳಗೆ ನುಗ್ಗುತ್ತದೆ. ಎದೆಯೋ ಬೆನ್ನೋ ಸೀಳಿದಂಥ ನೋವು. ಸಣ್ಣ ಆಸ್ಪತ್ರೆಯಲ್ಲಿ ಅದನ್ನು ಗ್ಯಾಸು ಎಂದು ಮನೆಗೆ ಕಳಿಸುವುದುಂಟು. ಹೃದಯಾಘಾತವೆಂದು ರಕ್ತ ತೆಳುವಾಗುವ ಮದ್ದು ಕೊಡುವುದೂ ಉಂಟು. ಅದು ಉರಿಯುವ ಬೆಂಕಿಗೆ ತುಪ್ಪ. ದೊಡ್ಡ ಡಾಕ್ಟ್ರು ಇದನ್ನು ಪರದೆಯ ಮೇಲೆ ಚಿತ್ರ ಹಾಕಿ ಹೇಳುತ್ತಲೇ ಬಂದಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಅರ್ಧ ಜನ ತೂಕಡಿಸುತ್ತಲೇ ಬಂದಿದ್ದರು.

ಬೇಕೆಂದೇ ಆ ತಪ್ಪು ಮಾಡಲು ಹೋದಾಗ ಅಕ್ಕನಿಗೆ ಬರಲಿಲ್ಲ. ಹನ್ನೊಂದು ಹೃದಯ ಹಾಳಾದವು. ಹನ್ನೆರಡನೆಯದರಲ್ಲಿ ಸೂಜಿ ಸರಿಯಾದ ಪದರಕ್ಕೆ ಹೋಯಿತು. ಈಗ ಅವರು ಸಿರಿಂಜಿನಲ್ಲಿ ನೀಲಿ ಬಣ್ಣದ ನೀರು ತುಂಬಿ, ಅರೆನಿಮಿಷದಲ್ಲಿ ಒಂದು ಗೇಣು ಮಹಾಧಮನಿಯನ್ನು ಆ ತುದಿಯಿಂದ ಈ ತುದಿಗೆ ಬಿರಿಸಿ ತೋರಿಸುತ್ತಾರೆ. ವೈದ್ಯರಿಂದ ಮಾಡಿಸುತ್ತಾರೆ. ಇಲ್ಲಿ ಯಾರೂ ತೂಕಡಿಸುವುದಿಲ್ಲ.

ಹತ್ತು ಗಂಟೆಗೆ ಸರಿಯಾಗಿ ಪರಿಷತ್ತಿನ ತಪಾಸಕರು ಬರುತ್ತಾರೆ. ಅವರೂ ವೈದ್ಯರೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಫೈಲು, ನಗು ಮನೆಯಲ್ಲೇ ಬಿಟ್ಟು ಬಂದ ಮುಖ.

"ಹನ್ನೆರಡು ಟೇಬಲ್ ಅಂತ ಬರೆದಿದ್ದೀರಿ. ಇಲ್ಲಿ ಒಂಬತ್ತಿವೆ."

ದೊಡ್ಡ ಡಾಕ್ಟ್ರು ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಅಕ್ಕನೇ ಹೇಳಿಬಿಡುತ್ತಾರೆ: "ಬೆಳಿಗ್ಗೆ ಮಾಲು ತಪ್ಪಾಗಿ ಬಂತು ಸರ್. ಹನ್ನೆರಡಕ್ಕೂ ನಾಳ ಇರ್ಲಿಲ್ಲ. ಅವು ಕವಾಟ ತೋರ್ಸೋಕೆ ಆಯ್ತು, ಆ ಮೂಲೇಲಿವೆ. ನಾಳ ಇರೋದು ಒಂಬತ್ತೇ ಸಿಕ್ತು."

"ಸೂಜಿ ಪಾಠ ಹೇಳೋದು ಯಾರು?"

"ನಾನೇ ಸರ್."

"ನಿಮ್ಮ ಓದು?"

"ಏಳನೇ ಕ್ಲಾಸು."

ಕೋಣೆಯಲ್ಲಿ ಯಾರೋ ಕೆಮ್ಮುತ್ತಾರೆ. ತಪಾಸಕರು ಬರೆದುಕೊಳ್ಳುತ್ತಾರೆ. ಅಕ್ಕ ಆ ಪೆನ್ನನ್ನೇ ನೋಡುತ್ತಾರೆ. ಇಪ್ಪತ್ತನಾಲ್ಕು ಜನರನ್ನು ಒಂಬತ್ತು ಟೇಬಲ್ಲಿಗೆ ಹಂಚಿದರೆ ಆರು ಕಡೆ ಮೂವರು, ಮೂರು ಕಡೆ ಇಬ್ಬರು. ಅಕ್ಕನ ಬಾಯಿಗೆ ಬಂದದ್ದು ಆ ಲೆಕ್ಕ.

"ಮೂರನೇ ಟೇಬಲ್ಲಲ್ಲಿ ಒಬ್ಬರು ಕಮ್ಮಿ ಇದ್ದಾರೆ ಸರ್. ಬರ್ಕೊಳ್ಳೋದು ಆಮೇಲೆ ಇದ್ದೇ ಇದೆ. ಕೈ ತೊಳ್ಕೊಂಡು ಬನ್ನಿ."

ದೊಡ್ಡ ಡಾಕ್ಟ್ರು ಸೂರು ನೋಡುತ್ತಾರೆ. ತಪಾಸಕರು ಫೈಲನ್ನು ಕುರ್ಚಿಯ ಮೇಲಿಟ್ಟು, ಕೈಗವಸು ಹಾಕಿಕೊಳ್ಳುತ್ತಾರೆ.

ಅವರು ಮೊದಲ ಸಲ ಚುಚ್ಚಿದ ಸೂಜಿ ನಾಳದ ಈ ಗೋಡೆಯನ್ನೂ ಆ ಗೋಡೆಯನ್ನೂ ತೂತು ಮಾಡಿ ಆಚೆ ಬಂತು. ನೀಲಿ ನೀರು ಚಿಮ್ಮಿ ಬಿಳಿ ಅಂಗಿಯ ಮೇಲೆ ಬಿತ್ತು. ಟೇಬಲ್ಲಿನ ಎದುರಿಗಿದ್ದ ಯುವ ವೈದ್ಯೆ ನಗು ತಡೆಯಲಾರದೆ ಬೆನ್ನು ತಿರುಗಿಸಿದರು.

"ಏನಾಗಲ್ಲ ಸರ್, ಮೊದಲ ಸಲ ಎಲ್ಲರೂ ಗೋಡೆ ತೂತು ಮಾಡ್ತಾರೆ. ನಾನು ಹನ್ನೊಂದು ಹಾಳು ಮಾಡಿದೀನಿ, ನಿಮ್ಮದು ಇನ್ನೂ ಒಂದು. ಸೂಜೀನ ಮಲಗಿಸಿ. ಇನ್ನೂ ಮಲಗಿಸಿ. ಹಣ್ಣಿನ ಸಿಪ್ಪೆ ಬೇರೆ ಆಗ್ಬೇಕು, ತಿರುಳಿಗೆ ಗಾಯ ಆಗ್ಬಾರ್ದು. ಹಾಂ, ಈಗ ಮೆಲ್ಲಗೆ ಒತ್ತಿ."

ನೀಲಿ ಬಣ್ಣ ಗೋಡೆಯೊಳಗೆ ಹರಿಯುತ್ತದೆ. ಒಂದು ಬೆರಳು, ಎರಡು ಬೆರಳು, ಇಡೀ ಗೇಣು. ತಪಾಸಕರು ಸಿರಿಂಜು ಕೆಳಗಿಟ್ಟು, ಊದಿದ ನಾಳವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಅದುಮಿ ನೋಡುತ್ತಾರೆ.

"ಮೂವತ್ತು ವರ್ಷದಿಂದ ಇದರ ಚಿತ್ರ ನೋಡ್ತಿದೀನಿ" ಎನ್ನುತ್ತಾರೆ. "ಇಷ್ಟು ಸಲೀಸಾಗಿ ಬಿಟ್ಕೊಳ್ಳುತ್ತಾ?"

"ಬಿರಿಯೋವರೆಗೂ ಗಟ್ಟಿ ಸರ್. ಬಿರಿಯೋಕೆ ಶುರುವಾದ್ರೆ ಹೇಳೋರು ಕೇಳೋರು ಇಲ್ಲ. ನೋಡಿ, ಕೈಗೆ ಹೋಗೋ ಕವಲು ಇಲ್ಲಿ ಮುಚ್ಕೊಳ್ತು. ಈಗ ಆ ಕೈಲಿ ನಾಡಿ ಎಲ್ಲಿ ಸಿಗುತ್ತೆ?"

ಯುವ ವೈದ್ಯೆ ಈಗ ನಗುತ್ತಿಲ್ಲ. ಹತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಅವರೊಬ್ಬರೇ ಡಾಕ್ಟರು. ಇದು ಅವರ ಎರಡನೇ ತರಗತಿ. "ಹೋದ ತಿಂಗಳು ಒಬ್ಬ ಲಾರಿ ಡ್ರೈವರು ಬೆನ್ನು ನೋವು ಅಂತ ಬಂದ್ರು. ಹೊಟ್ಟೆ ಉಬ್ಬರ ಇರ್ಬೇಕು, ಮಾತ್ರೆ ಕೊಡಿ ಅಂತ ಅವರೇ ಹೇಳ್ತಿದ್ರು. ಇಲ್ಲಿ ಅಕ್ಕ ಹೀಗೇ ಕೇಳಿದ್ದು ನೆನಪಾಯ್ತು. ಎರಡೂ ಕೈ ಹಿಡ್ಕೊಂಡೆ. ಎಡಗೈಲಿ ನಾಡಿ ಇರ್ಲಿಲ್ಲ. ಆಂಬುಲೆನ್ಸ್ ಹತ್ತಿಸಿ ಇಲ್ಲಿಗೆ ಕಳಿಸ್ದೆ. ಮೊನ್ನೆ ನಡ್ಕೊಂಡು ಬಂದು ನನಗೇ ಬೈದ್ರು, ಮಾತ್ರೆ ಕೊಡ್ಲಿಲ್ಲ ಅಂತ."

ಟೇಬಲ್ಲುಗಳಲ್ಲಿ ನಗು ಏಳುತ್ತದೆ. ತಪಾಸಕರೂ ನಗುತ್ತಾರೆ. ನಕ್ಕಾಗ ಅವರ ಮುಂದಿನ ಹಲ್ಲುಗಳ ನಡುವೆ ಸಂದಿ ಇರುವುದು ಕಾಣುತ್ತದೆ. ಆಮೇಲೆ ಅವರು ಹೊರಡಲೇ ಇಲ್ಲ. ಮಧ್ಯಾಹ್ನ ಕವಾಟದ ಮೂಲೆಗೂ ಹೋಗಿ ನಿಂತರು, ಅಕ್ಕನ ಹತ್ತಿರ ಇನ್ನೊಂದು ಸಲ ಸೂಜಿ ಕೇಳಿ ಪಡೆದರು.

ನಾಲ್ಕು ಗಂಟೆಗೆ ಫೈಲು ತೆರೆದು ಎಲ್ಲರ ಮುಂದೆಯೇ ಹೇಳಿದರು: ಅಂಕ ಮುಂದುವರಿಯುತ್ತದೆ. ಪಾಠ ಹೇಳುವವರ ಪಟ್ಟಿಯಲ್ಲಿ ದೊಡ್ಡ ಡಾಕ್ಟ್ರ ಹೆಸರಿನ ಕೆಳಗೆ ಅಕ್ಕನ ಹೆಸರೂ ಇರಬೇಕು. ಅರ್ಹತೆಯ ಕಾಲಮ್ಮಿಗೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಬಾಯಲ್ಲಿ ಹೇಳುತ್ತಲೇ ಬರೆದರು: "ಏಳನೇ ತರಗತಿ. ಸಾವಿರದ ಎಂಟುನೂರು ಹೃದಯ."

"ಏಳನೇದು ಪಾಸಾಗಿದೀನಿ ಸರ್. ಪಾಸು ಅಂತಾನೂ ಬರೀರಿ."

ಇಪ್ಪತ್ತನಾಲ್ಕು ವೈದ್ಯರು ಚಪ್ಪಾಳೆ ತಟ್ಟುತ್ತಾರೆ. ಕೈಗವಸು ಹಾಕಿದ ಕೈಗಳ ಚಪ್ಪಾಳೆ ಒದ್ದೆ ಬಟ್ಟೆ ಬಡಿದಂತೆ ಕೇಳುತ್ತದೆ. ಅಕ್ಕ "ಸಾಕು ಸಾಕು, ತಟ್ಟೆ ತೊಟ್ಟಿಗೆ ತಂದು ಹಾಕಿ" ಎಂದು ಗದರುತ್ತಾರೆ. ಮುಖ ಮಾತ್ರ ಕಿವಿಯಿಂದ ಕಿವಿಗೆ ಅರಳಿದೆ.

ತಪಾಸಕರು ಹೊರಡುವ ಮುನ್ನ ದೊಡ್ಡ ಡಾಕ್ಟ್ರು ಅವರಿಗೊಂದು ಹಾಳೆ ಕೊಡುತ್ತಾರೆ. ಮಹಾಧಮನಿ ಬಿರಿದು ಈ ಆಸ್ಪತ್ರೆ ತಲುಪಿದವರ ಪಟ್ಟಿ. ತರಗತಿ ಆರಂಭವಾಗುವ ಹಿಂದಿನ ವರ್ಷ ಬಂದವರು ಹದಿನಾಲ್ಕು, ತೀರಿಕೊಂಡವರು ಹನ್ನೊಂದು. ಹೋದ ವರ್ಷ ಬಂದವರು ಹತ್ತೊಂಬತ್ತು. "ಎಲ್ಲ ಈ ತರಗತಿಯಿಂದಲೇ ಅನ್ನೋಕಾಗಲ್ಲ. ಹೊಸ ಆಪರೇಷನ್ ಕೋಣೆ ಬಂತು, ಆಂಬುಲೆನ್ಸ್ ಜಾಸ್ತಿ ಆಯ್ತು" ಎಂದು ಅವರೇ ಹೇಳುತ್ತಾರೆ. "ಆದ್ರೆ ಬೇಗ ಬರ್ತಿದ್ದಾರೆ. ಬೇಗ ಕಳಿಸೋರು ಇಲ್ಲಿ ಕೂತು ಕಲಿತೋರು."

ಅಕ್ಕ ತೊಟ್ಟಿಯ ಬಳಿ ಕೈ ತೊಳೆಯುತ್ತಿದ್ದಾರೆ. ಹೋದ ವರ್ಷ ಉಳಿಯದವರಲ್ಲಿ ಇಬ್ಬರು ಒಂದೇ ಆಸ್ಪತ್ರೆಯಿಂದ ತಡವಾಗಿ ಬಂದವರು ಎಂಬುದು ಅವರಿಗೆ ಗೊತ್ತು. ಆ ಆಸ್ಪತ್ರೆಯಿಂದ ಈ ತರಗತಿಗೆ ಈವರೆಗೆ ಒಬ್ಬ ವೈದ್ಯರೂ ಬಂದಿಲ್ಲ.

"ಅವರಿಗೆ ಮುಂದಿನ ಸಲಕ್ಕೆ ಕಾಗದ ಬರೀರಿ ಸರ್" ಎನ್ನುತ್ತಾರೆ ದೊಡ್ಡ ಡಾಕ್ಟ್ರಿಗೆ. "ಟೇಬಲ್ ಹದಿಮೂರು ಮಾಡ್ತೀನಿ. ನಂಗೇನು, ಇನ್ನೊಂದು ಗುಂಡಿಗೆ ತೊಳೆಯೋದು ತಾನೇ."

ಹೋದ ವರ್ಷ ಬಂದ ಹತ್ತೊಂಬತ್ತರಲ್ಲಿ ಉಳಿಯದೆ ಹೋದವರು ಐವರು.