ಎಡಗಡೆಯ ವಯಲಿನ್

ಆ ಹೊಲಿಗೆ ಶೆಡ್ಡಿನಲ್ಲಿ ನೂರಿಪ್ಪತ್ತು ಮಷೀನುಗಳು. ಅವುಗಳ ಕಾಯಿಲೆ ಕಸಾಲೆ ನೋಡಿಕೊಳ್ಳಲು ಇದ್ದ ಮೆಕ್ಯಾನಿಕ್ ಒಬ್ಬಳೇ. ಮೇಲ್ವಿಚಾರಕನಿಂದ ಹಿಡಿದು ಗೇಟಿನವನವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಿವಿಯಕ್ಕ ಎಂದೇ. ಬೇರೆ ಮೆಕ್ಯಾನಿಕ್ಕುಗಳು ಬಂದವರೇ ಸ್ಕ್ರೂಡ್ರೈವರ್ ಹಿಡಿದು ಮಷೀನಿನ ಹೊಟ್ಟೆ ಬಗೆಯುತ್ತಾರೆ. ಇವಳು ಹಾಗಲ್ಲ. ಬಲಗೈಯಲ್ಲಿ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ, ಬಗ್ಗಿ, ಎಡಗಿವಿಯನ್ನು ಸೂಜಿಯ ಹತ್ತಿರ ತಂದು ಕೇಳುತ್ತಾಳೆ. ಎರಡು ಸುತ್ತು ಸಾಕು. ಎಲ್ಲಿ ಸವೆದಿದೆ, ಎಲ್ಲಿ ಸಡಿಲವಾಗಿದೆ ಎಂದು ಹೇಳಿಬಿಡುತ್ತಾಳೆ. ಇಪ್ಪತ್ತೆಂಟು ವರ್ಷ ಆ ಮಾತಿಗೆ ಯಾರೂ ಚಕಾರ ಎತ್ತಿರಲಿಲ್ಲ.

ದಿನವಿಡೀ ಅಷ್ಟು ಗದ್ದಲ ಕುಡಿದವಳಿಗೆ ಮನೆಗೆ ಬಂದರೆ ಮೌನ ಬೇಕು ಅನ್ನಿಸಬೇಕಿತ್ತು. ಅವಳಿಗೆ ಬೇಕಾದದ್ದು ಸಂಗೀತ. ಕೈಕಾಲು ತೊಳೆದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡರೆ ಒಂದು ಗಂಟೆ ಯಾರಿಗೂ ಸಿಗುವವಳಲ್ಲ. ಕೈಯಲ್ಲಿ ತರಕಾರಿ ಹೆಚ್ಚುವ ಕೆಲಸ ಕೂಡ ಇರಕೂಡದು, ಅದು ಕೇಳುವುದಕ್ಕೆ ಮಾಡುವ ಅವಮಾನ ಎಂದು ಅವಳ ಮತ. ಅವಳ ಗಂಡ, ಬಸ್ಸು ಓಡಿಸಿ ನಿವೃತ್ತನಾದವನು, ನೆಂಟರಿಗೆಲ್ಲ ಹೇಳುತ್ತಿದ್ದ: "ಆ ಒಂದು ಗಂಟೆ ಮನೆಗೆ ಬೆಂಕಿ ಬಿದ್ರೂ ನಾನು ಚೀಟಿ ಬರೆದೇ ತಿಳಿಸ್ಬೇಕು."

ಆರು ತಿಂಗಳಿಂದೀಚೆಗೆ ಆ ಗಂಟೆಗೆ ಕಲ್ಲು ಬಿದ್ದಿತ್ತು. ಅವಳ ಪ್ರಾಣವಾದ ಒಂದು ಧ್ವನಿಮುದ್ರಣದಲ್ಲಿ ಎರಡು ವಯಲಿನ್‌ಗಳು, ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಎಡಗಡೆಯದು ಮಂಕಾಗಿತ್ತು. ಹಳೆಯ ಹೆಡ್‌ಫೋನಿನ ಮೆತ್ತೆ ಸವೆದು, ಎರಡು ಸಲ ಅವಳೇ ಬಟ್ಟೆ ಹೊಲಿದು ಹಾಕಿದ್ದಳು. ತಪ್ಪು ಅದರದ್ದೇ ಎಂದು ತೀರ್ಮಾನಿಸಿ, ಹೊಸದು, ಅದೂ ಒಳ್ಳೆಯದನ್ನೇ ಕೊಳ್ಳುವುದೆಂದು ನಿಶ್ಚಯಿಸಿದಳು.

ಅದೇ ವಾರ ಶೆಡ್ಡಿನಲ್ಲಿ ಒಂದು ಜಗಳ. ಕಾಲರ್ ಹೊಲಿಯುವ ಹುಡುಗಿ, ಎಲ್ಲರೂ ಚೂಟಿ ಎನ್ನುವವಳು, ತನ್ನ ಮಷೀನು ಹೊಲಿಗೆ ಹಾರಿಸುತ್ತಿದೆ ಎಂದು ಎರಡು ಸಲ ದೂರಿದಳು. ಕಿವಿಯಕ್ಕ ಬಂದಳು, ಬಗ್ಗಿದಳು, ಕೇಳಿದಳು.

"ಮಷೀನ್ ಸರಿಯಾಗೇ ಇದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಸುತ್ತ ಕೂತವರು ನಕ್ಕರು. ಮೇಲ್ವಿಚಾರಕ ಚೂಟಿಯನ್ನು ಹೊಲಿಗೆಯಿಂದ ಎಬ್ಬಿಸಿ ದಾರ ಕತ್ತರಿಸುವ ಮೇಜಿಗೆ ಕಳಿಸಿದ. ಏಳು ವರ್ಷ ಹೊಲಿದ ಕೈ ಅದು.

ಭಾನುವಾರ ಗಂಡ ಹೆಂಡತಿ ಅಂಗಡಿಗೆ ಹೋದರು. ಅಂಗಡಿಯವನು ತಾಳ್ಮೆಯ ಮನುಷ್ಯ. ಮೂರು ಹೆಡ್‌ಫೋನುಗಳನ್ನು ಮೇಜಿನ ಮೇಲಿಟ್ಟ. ಕಿವಿಯಕ್ಕ ತನ್ನ ಎರಡು ವಯಲಿನ್‌ಗಳ ಮುದ್ರಣವನ್ನೇ ಹಾಕಿಸಿ, ಮೊದಲೇ ಕಟ್ಟಪ್ಪಣೆ ಮಾಡಿದಳು: "ಮೂರರದ್ದೂ ಶಬ್ದ ಒಂದೇ ಮಟ್ಟಕ್ಕಿಡಿ. ಜೋರಾಗಿದ್ದದ್ದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗತ್ತೆ." ಅಂಗಡಿಯವನು ಅವಳನ್ನು ಹೊಸದಾಗಿ ನೋಡಿದ.

ಮೊದಲನೆಯದು ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು. ತಗ್ಗು ಸ್ವರಗಳು ದಪ್ಪಗೆ ಗುಮ್ಮೆನ್ನುತ್ತಿದ್ದವು. "ಇದು ಎಲ್ಲಕ್ಕೂ ತುಪ್ಪ ಸವರತ್ತೆ" ಎಂದು ತೆಗೆದಿಟ್ಟಳು. ಎರಡನೆಯದರ ಹೊರಮೈಯಲ್ಲಿ ಜಾಲರಿ. ಹಾಕಿಕೊಂಡರೆ ಹಾಡು ತಲೆಯೊಳಗಲ್ಲ, ಎದುರಿನ ಕೋಣೆಯಲ್ಲಿ ನಡೆದಂತಿತ್ತು. ವಾದಕಿ ಉಸಿರೆಳೆದದ್ದೂ ಕೇಳಿಸಿತು. ಮೂರನೆಯದು ಬೆಲೆಯಲ್ಲಿ ಅದರ ಎರಡರಷ್ಟು. ಸ್ವರಗಳು ಸೊಗಸಾಗಿದ್ದವು, ಕುತ್ತಿಗೆಗೆ ಮಾತ್ರ ಭಾರ.

"ಹಾಕ್ಕೊಂಡ್ರೆ ವಿಮಾನ ಓಡಿಸೋರ ಥರ ಕಾಣ್ತೀಯ" ಎಂದ ಗಂಡ.

"ಸುಮ್ನಿರ್ರೀ."

ಅವಳ ಮುಖ ಗಂಟಿಕ್ಕಿತ್ತು. ಮೂರರಲ್ಲೂ ಎಡಗಡೆಯ ವಯಲಿನ್ ಮಂಕೇ.

"ಇಷ್ಟು ಬೆಲೆ ಹೇಳ್ತೀರಿ, ಮೂರೂ ಕೆಟ್ಟವೇನು?" ಎಂದು ಅಂಗಡಿಯವನ ಮೇಲೆ ಹರಿಹಾಯ್ದಳು. ಅವನು ತಂತಿ ಬದಲಿಸಿದ. ಆಮೇಲೆ ತಾನೇ ಹಾಕಿಕೊಂಡು ಕೇಳಿ, "ನನಗೇನೋ ಸರಿಯಾಗೇ ಕೇಳತ್ತಮ್ಮಾ" ಎಂದು ಮೆಲ್ಲಗೆ ಅಂದ.

ಶೆಡ್ಡಿನಲ್ಲಿ ಅವಳದೊಂದು ನೇಮವಿತ್ತು. ದೋಷ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಭಾಗ ಅದಲುಬದಲು ಮಾಡಬೇಕು. ದೋಷ ಭಾಗದ ಜೊತೆ ಹೋದರೆ ಭಾಗದ್ದು, ಕೂತಲ್ಲೇ ಕೂತರೆ ಮಷೀನಿನದು. ಕಿವಿಯಕ್ಕ ಎರಡನೆಯ ಹೆಡ್‌ಫೋನನ್ನು ಹಿಂದುಮುಂದು ಮಾಡಿ, ಎಡದ್ದನ್ನು ಬಲಗಿವಿಗೆ ಹಾಕಿಕೊಂಡಳು. ಮಂಕಾಗಿದ್ದ ವಯಲಿನ್ ಬಲಗಿವಿಯಲ್ಲಿ ಕಮಾನಿನ ತಿಕ್ಕಾಟದ ಸಮೇತ ನಿಚ್ಚಳವಾಗಿ ನುಡಿಯಿತು. ಈವರೆಗೆ ಚೆನ್ನಾಗಿದ್ದ ಇನ್ನೊಂದು ಎಡಕ್ಕೆ ಬಂದು ಮಂಕಾಯಿತು.

ದೋಷ ಕೂತಲ್ಲೇ ಕೂತಿತ್ತು.

ಅವಳು ಹಾಡು ಮುಗಿಯುವವರೆಗೂ ಅಲ್ಲಾಡಲಿಲ್ಲ. ಇಪ್ಪತ್ತೆಂಟು ವರ್ಷ ಸೂಜಿಯ ಬಳಿ ಹಿಡಿದ ಕಿವಿ ಅದು, ಅವಳ ಹೆಸರೇ ಅದರ ಮೇಲೆ ನಿಂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಿವೃತ್ತಿಯವರೆಗಿನ ಎರಡು ವರ್ಷ ಹೇಗೋ ದಾಟುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳ ಕಣ್ಣಿಗೆ ಬಂದದ್ದು ದಾರ ಕತ್ತರಿಸುವ ಮೇಜಿನಲ್ಲಿ ತಲೆ ತಗ್ಗಿಸಿ ಕೂತ ಚೂಟಿ.

"ಏನಾಯ್ತೇ?" ಎಂದ ಗಂಡ.

"ಎಡಗಿವಿ ಹೋಗಿದೆ ಕಣ್ರೀ. ಸಣ್ಣ ಶಬ್ದ ಒಂದೂ ಕೇಳ್ತಿಲ್ಲ." ಆಮೇಲೆ ಅಂಗಡಿಯವನತ್ತ ತಿರುಗಿ, "ನಿಮ್ಮನ್ನ ಸುಮ್ಮಸುಮ್ನೆ ಬೈದೆ, ತಪ್ಪಾಯ್ತು. ಈ ಎರಡನೇದನ್ನ ಕಟ್ಟಿಕೊಡಿ."

"ಇಷ್ಟಾದ್ಮೇಲೂ ತಗೋತೀರಾಮ್ಮಾ?"

"ಮುಲಾಜಿಲ್ದೆ ಇದ್ದದ್ದನ್ನ ಇದ್ದ ಹಾಗೆ ಹೇಳಿತಲ್ಲ. ಮನೇಲಿ ಅಂಥದ್ದೊಂದಿರ್ಬೇಕು. ಇವರಂತೂ ಹೇಳೋದಿಲ್ಲ."

ಗಂಡ ನಗಲು ಹೋದವನು ಅವಳ ಕಣ್ಣು ನೋಡಿ ಪೊಟ್ಟಣ ಕೈಗೆತ್ತಿಕೊಂಡ. ದಾರಿಯುದ್ದಕ್ಕೂ ಅವಳ ಬಲಕ್ಕೇ ನಡೆದ.

ಸೋಮವಾರ ಗಂಟೆ ಹೊಡೆಯುತ್ತಲೇ ಅವಳು ದಾರ ಕತ್ತರಿಸುವ ಮೇಜಿಗೆ ಹೋಗಿ ಚೂಟಿಯನ್ನು ಕೈಹಿಡಿದು ಕರೆತಂದಳು. ಮಷೀನಿನ ಹಿಂಬದಿಗೆ ನಿಂತಳು. ಎಡಗೈಯಿಂದ ಚಕ್ರ ತಿರುಗಿಸಿದಳು, ಅಭ್ಯಾಸವಿಲ್ಲದ ಕೈ ಎರಡು ಸಲ ಜಾರಿತು. ಬಲಗಿವಿ ಬಗ್ಗಿಸಿದಳು. ಮೂರನೆಯ ಸುತ್ತಿಗೆ ಕೇಳಿಸಿತು: ಸೂಜಿಯ ಕೆಳಗೆ ದಾರ ಹಿಡಿಯುವ ಕೊಕ್ಕೆಯಲ್ಲಿ ಒಂದು ಸಣ್ಣ ಟಿಕ್.

ಅವಳು ನೆಟ್ಟಗೆ ನಿಂತು, ಮೇಲ್ವಿಚಾರಕನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಮಷೀನ್ ಕೆಟ್ಟಿದೆ. ಅವತ್ತೂ ಕೆಟ್ಟಿತ್ತು. ನನ್ನ ಎಡಗಿವಿ ಸತ್ತಿದೆ, ನನಗೇ ಗೊತ್ತಿರ್ಲಿಲ್ಲ. ಈ ಆರು ತಿಂಗಳಲ್ಲಿ ನಾನು ಸರಿ ಇದೆ ಅಂದ ಮಷೀನೆಲ್ಲ ಇನ್ನೊಂದು ಸಲ ನೋಡ್ತೀನಿ. ಈ ಹುಡುಗಿಗೆ ಅವಳ ಜಾಗ ವಾಪಸ್ ಕೊಡಿ."

ಇಡೀ ಸಾಲಿನ ಮಷೀನುಗಳು ನಿಂತಿದ್ದವು. ಕೊಕ್ಕೆ ಬದಲಿಸಲು ಹತ್ತು ನಿಮಿಷ ಹಿಡಿಯಿತು. ಚೂಟಿ ಕೂತು, ಒಂದು ಕಾಲರನ್ನು ಉದ್ದಕ್ಕೂ ಹೊಲಿದು, ಬೆಳಕಿಗೆ ಹಿಡಿದು ನೋಡಿದಳು. ಒಂದು ಹೊಲಿಗೆಯೂ ಹಾರಿರಲಿಲ್ಲ.

"ಅಕ್ಕಾ," ಎಂದಳು, ತಲೆ ಎತ್ತದೆ, "ನೆಲ ಡೊಂಕೇ ಇತ್ತು ಅಲ್ವಾ?"

"ಡೊಂಕೇ ಇತ್ತು ಕಣೇ," ಎಂದಳು ಕಿವಿಯಕ್ಕ. "ಇನ್ನೊಂದ್ಸಲ ಹೇಳು, ಈ ಕಡೆ ಬಂದು ಹೇಳು."