ಎದುರುಮನೆ ಅಕ್ಕನ ಮೀಟರು

ಮೊನ್ನೆ ರೋಣದ ಎಲೆಕ್ಟ್ರಿಕ್ ಅಂಗಡಿಯವನು ಹೊಸ ಮಲ್ಟಿಮೀಟರಿನ ಡಬ್ಬಿ ತೆರೆದು, ಸುರುಳಿ ಸುತ್ತಿದ್ದ ಕೆಂಪು-ಕಪ್ಪು ವೈರುಗಳನ್ನು ನನ್ನ ಮುಂದಿಟ್ಟ. ಹೊಸ ರಬ್ಬರಿನ ಘಾಟು ಮೂಗಿಗೆ ಬಡಿಯಿತು. ನನ್ನ ಹಳೆಯ ಕಾರು ಒಂದೆರಡು ದಿನ ನಿಂತರೆ ಸಾಕು, ಬ್ಯಾಟರಿ ಇಳಿದುಹೋಗುತ್ತಿತ್ತು. ಅದನ್ನು ಪರೀಕ್ಷಿಸಲು ಕಡಿಮೆ ಬೆಲೆಯ ಮೀಟರೊಂದು ಬೇಕಿತ್ತು. ಮನೆಯ ಪ್ಲಗ್ಗು, ಸ್ವಿಚ್ಚಿಗೂ ಆದರೆ ಒಳ್ಳೆಯದು ಎಂದು ಮಗಳ ಜೊತೆ ಹೋಗಿದ್ದೆ. ಆ ವಾಸನೆ ಬಂದದ್ದೇ ತಡ, ಗಜೇಂದ್ರಗಡದ ನಮ್ಮ ಓಣಿಯ ಎದುರುಮನೆ ಅಕ್ಕ ನೆನಪಾದಳು...

ಅಕ್ಕ ಮತ್ತು ಅವಳ ಗಂಡ ಸೀರೆ ನೇಯುತ್ತಿದ್ದರು. ಒಂದು ಸಂಜೆ ಹನಿ ಬೀಳತೊಡಗಿದಾಗ ಅಕ್ಕ ಒಲೆಯ ಮುಂದಿನಿಂದಲೇ, ಒಣಹಾಕಿದ ಬಟ್ಟೆ ತೆಗೆಯಿರಿ ಎಂದು ಗಂಡನನ್ನು ಕೂಗಿದಳು. ಅವರು ಮಗ್ಗ ಬಿಟ್ಟೆದ್ದು ಹಿತ್ತಿಲಿಗೆ ಹೋದರು. ಬಟ್ಟೆಯ ತಂತಿಗೆ ಚಾವಣಿಯ ತಗಡಿನಂಚಿನ ಸವೆದ ವೈರೊಂದು ತಾಗಿಕೊಂಡಿತ್ತು. ನಾವು ಓಣಿಯವರು ಓಡಿಹೋಗಿ ಮೇನ್ ಇಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಅಕ್ಕ ಕೂತಲ್ಲಿ ಕೂರಲಿಲ್ಲ. ಮಗ್ಗಕ್ಕೆ ಕೂತು ನಾಲ್ಕು ಎಳೆ ಹಾಕುವಳು, ಎದ್ದು ಸ್ವಿಚ್ಚು ನೋಡುವಳು. ಮತ್ತೆ ಕೂರುವಳು, ಎದ್ದು ಗೋಡೆ ಮುಟ್ಟುವಳು. ಸಮಾಧಾನ ಹೇಳಲು ಹೋದವರಿಗೆ ಅವಳದು ಒಂದೇ ಮಾತು: "ನಾನ ಕರದ್ನೆಪಾ... ನಾ ಕರೀದಿದ್ರ ಅವ್ರು ಏಳ್ತಿದ್ದಿಲ್ಲ."

ಸೊಂಟದಲ್ಲಿ ಒಂದು ಟೆಸ್ಟರ್ ಸಿಕ್ಕಿಸಿಕೊಂಡೇ ಇರುತ್ತಿದ್ದಳು. ಗೋಡೆ, ಸ್ವಿಚ್ಚಿಗೆ ಹಚ್ಚಿದರೆ ಅದರ ದೀಪ ಅಲ್ಲಲ್ಲಿ ಮಿಣುಕೆನ್ನುತ್ತಿತ್ತು. ನಿಜವೋ ಭ್ರಮೆಯೋ ಅವಳಿಗೆ ತಿಳಿಯುತ್ತಿರಲಿಲ್ಲ. ಆಗ ನಾನು ಬಾಡಿಗೆಗೆ ಕಾರು ಓಡಿಸುತ್ತಿದ್ದೆ. ಒಂದು ಮುಂಜಾನೆ ಕಾರಿನ ಬಾನೆಟ್ ತೆರೆದು ನಿಂತಿದ್ದಾಗ ಬಂದಳು.

"ತಮ್ಮಾ, ಕರೆಂಟ್ ಎಷ್ಟೈತಂತ ಅಂಕಿ ತೋರ್ಸೋ ಮಷೀನ್ ಇರ್ತೈತಂತಲ್ಲ. ನಿನ್ನ ಕಾರಿಗೂ ಆಗ್ತೈತಿ, ನಮ್ಮ ಮನಿಗೂ ಆಗ್ತೈತಿ. ಇಬ್ರೂ ಕೂಡಿ ತರೂಣು ಬಾ."

ಪೇಟೆಯ ಅಂಗಡಿಯವನು ಎಲ್ಲಕ್ಕಿಂತ ಅಗ್ಗದ್ದನ್ನು ಮೊದಲು ತೋರಿಸಿದ. ಅಕ್ಕ ಅದರ ವೈರನ್ನು ನೂಲು ಪರೀಕ್ಷಿಸುವಂತೆ ಬೆರಳಲ್ಲಿ ಹೊಸೆದು ನೋಡಿದಳು. "ಇದು ಭಾಳ ತೆಳ್ಳಗೈತ್ರಿ. ತುದೀಗಿ ಇಷ್ಟುದ್ದ ಬರೇ ಲೋಹ ಐತಿ. ಕೈ ಜಾರಿದ್ರ ಹ್ಯಾಂಗ?"

ಅಂಗಡಿಯವನು ತಾಳ್ಮೆಯ ಮನುಷ್ಯ. ಅದನ್ನು ಬದಿಗಿಟ್ಟು ಹೇಳಿದ: "ಕಾರ್ ಬ್ಯಾಟರಿಗಷ್ಟ ಆದ್ರ ಅದು ನಡೀತಿತ್ರಿ. ಮನಿ ಲೈನಿಗೆ ಹಚ್ಚಬೇಕಂದ್ರ ಒಳಗ ಚಲೋ ಫ್ಯೂಸ್ ಇರ್ಬೇಕು, ವೈರ್ ದಪ್ಪ ಇರ್ಬೇಕು. ಮ್ಯಾಲ ದೊಡ್ಡ ದೊಡ್ಡ ಅಂಕಿ ಬರದಾರಂತ ನಂಬಬ್ಯಾಡ್ರಿ." ಕಡೆಗೆ ತುದಿಗೆ ಪ್ಲಾಸ್ಟಿಕ್ ಹೊದಿಕೆಯಿದ್ದ, ಅಳತೆಯ ಮಿತಿಯನ್ನು ತಾನೇ ಹೊಂದಿಸಿಕೊಳ್ಳುವ, ವೈರು ಎಲ್ಲೂ ತುಂಡಾಗಿರದಿದ್ದರೆ ಕೀಂ ಎನ್ನುವ ಸಾಧಾರಣ ಮೀಟರೊಂದನ್ನು ತಂದೆವು. ಕಾರಿಗೆ ಡಿಸಿ, ಮನೆಗೆ ಎಸಿ ಎಂದು ಗುಂಡಿ ತಿರುಗಿಸುವುದನ್ನು ಅವಳು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು.

ಅದು ಬಂದರೆ ಅವಳ ಮನಸ್ಸು ನಿಲ್ಲುತ್ತದೆ ಎಂದುಕೊಂಡಿದ್ದೆ. ಇನ್ನಷ್ಟು ಹೊಯ್ದಾಡಿತು. ಆಫ್ ಮಾಡಿದ ವೈರಿಗೆ ಹಚ್ಚಿದರೂ ಮೀಟರು ಏನೋ ಒಂದು ಅಂಕಿ ತೋರಿಸುತ್ತಿತ್ತು. ಒಮ್ಮೆ ನಲವತ್ತು, ಒಮ್ಮೆ ಅರವತ್ತು. "ಬಂದ್ ಮಾಡಿದ್ರೂ ಐತಿ ನೋಡಪಾ!" ಎಂದು ನಮ್ಮ ಬಾಗಿಲಿಗೆ ಓಡಿಬರುತ್ತಿದ್ದಳು. ಕೊನೆಗೆ ವೈರಿಂಗ್ ಮಾಡುವವರನ್ನು ಕರೆಸಿದೆ. ಅವರು ಹೋಲ್ಡರಿನಲ್ಲಿ ಬಲ್ಬ್ ಹಾಕಿ ಅದೇ ವೈರಿಗೆ ಕೂಡಿಸಿದರು. ಬಲ್ಬ್ ಹತ್ತಲಿಲ್ಲ, ಮೀಟರಿನ ಅಂಕಿ ಸೊನ್ನೆಗೆ ಬಿತ್ತು.

"ಬಾಜೂ ವೈರಿನ ನೆರಳಿದ್ಹಂಗ್ರಿ ಇದು, ಜೀವ ಇಲ್ಲ. ಖರೇ ಕರೆಂಟ್ ಇದ್ರ ಬಲ್ಬ್ ಹತ್ತತೈತಿ," ಎಂದು ಹೇಳಿ, ಆ ಬಲ್ಬನ್ನು ಅವಳಿಗೇ ಬಿಟ್ಟು ಹೋದರು.

ಅಕ್ಕ ಮೀಟರಿನ ಜೊತೆ ಬಲ್ಬನ್ನೂ ಹಿಡಿದು ಓಣಿ ತಿರುಗತೊಡಗಿದಳು. ಕೆಲವರು ಅವಳು ಬರುವುದನ್ನು ಕಂಡು ಬಾಗಿಲು ಮುಂದೆ ಮಾಡುತ್ತಿದ್ದರು.

ಬೇಸಿಗೆ ಬಂತು. ನಮ್ಮ ಮನೆಯಲ್ಲಿ ತಗಡಿನ ಕೂಲರ್ ಇತ್ತು. ಅದನ್ನು ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ನನ್ನ ಹೆಂಡತಿ ಅಕ್ಕನ ಮುಂದೆ ಮಾತಿನ ನಡುವೆ ಅಂದಿದ್ದಳು. ಮರುದಿನ ಮಧ್ಯಾಹ್ನ ಹೆಂಡತಿ ಕೂಲರಿಗೆ ನೀರು ತುಂಬಲು ಬರಿಗಾಲಲ್ಲಿ ಕೊಡ ಹೊತ್ತು ಹೊರಟಿದ್ದಳು. ಪುಟ್ಟ ಮಗಳು ಅವಳ ಸೆರಗು ಹಿಡಿದು ಹಿಂದೆಯೇ ಇದ್ದಳು. ಅಷ್ಟರಲ್ಲಿ ಅಕ್ಕ ಬಂದವಳೇ ಅಡ್ಡ ನಿಂತಳು.

"ಮುಟ್ಟಬ್ಯಾಡ, ತಡಿ. ಮೊದ್ಲ ನಾ ನೋಡ್ತೀನಿ."

ಮೀಟರು ಪೂರಾ ಲೈನಿನಷ್ಟೇ ಅಂಕಿ ತೋರಿಸಿತು. "ಅಕ್ಕಾ, ಇದೂ ನೆರಳ ಇರಬೇಕು ಬಿಡು," ಅಂದೆ. ಅವಳು ಬಲ್ಬಿನ ಒಂದು ವೈರನ್ನು ಹಿತ್ತಿಲಿನ ಅರ್ಥಿಂಗ್ ಪೈಪಿಗೆ ಸುತ್ತಿ, ಇನ್ನೊಂದನ್ನು ಕೂಲರಿನ ತಗಡಿಗೆ ತಾಗಿಸಿದಳು.

ಬಲ್ಬ್ ಭಗ್ಗನೆ ಹತ್ತಿತು.

ನಾನು ಓಡಿಹೋಗಿ ಮೇನ್ ಇಳಿಸಿದೆ. ಹೆಂಡತಿ ಕೊಡವನ್ನು ಅಲ್ಲೇ ಇಳಿಸಿ ಮಗಳನ್ನು ಎತ್ತಿ ಅಪ್ಪಿಕೊಂಡಳು. ಅಕ್ಕ ಗೋಡೆಗೆ ಒರಗಿ ಕುಸಿದು ಕೂತಳು. ಗಂಡ ಸತ್ತ ದಿನ ಬಾರದ ಅಳು ಅವತ್ತು ಬಂತು. "ಅವತ್ತ ಇದು ನನ್ನ ಕೈಯಾಗ ಇರಲಿಲ್ಲಲ್ಲ ತಮ್ಮಾ..." ಎಂದು ಎಷ್ಟೋ ಹೊತ್ತು ಅತ್ತಳು. ನಾವು ಅವಳ ಪಕ್ಕದಲ್ಲಿ ಕೂತೆವು.

ಆಮೇಲೆ ಓಣಿಯವರು ತಾವಾಗಿಯೇ ಅವಳನ್ನು ಕರೆಯತೊಡಗಿದರು. ಆದರೂ ಅವಳಿಗೆ ಆ ಹಿತ್ತಿಲಿರುವ ಮನೆಯಲ್ಲಿ ಇರಲಾಗಲಿಲ್ಲ. ಮಗ್ಗ ಮಾರಿ, ನರಗುಂದದಲ್ಲಿದ್ದ ತಮ್ಮನ ಮನೆಗೆ ಹೊರಟಳು. ನಾನೇ ಬಿಟ್ಟುಬಂದೆ. "ಇದು ನಿನ್ನ ಹತ್ರ ಇರ್ಲೆಕ್ಕಾ" ಎಂದು ಮೀಟರು ಕೊಟ್ಟೆ. ಬೇಡ ಅನ್ನಲಿಲ್ಲ, ಎದೆಗವಚಿಕೊಂಡು ಒಳಗೆ ಹೋದಳು...

ರೋಣದಲ್ಲಿ ಮೀಟರು ಕೊಂಡು ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ಮಗಳು. ಎರೆಹೊಲಗಳ ನಡುವಿನ ದಾರಿಯಲ್ಲಿ ಇದನ್ನೆಲ್ಲ ಹೇಳಿದೆ. ಅವಳಿಗೆ ಏನೂ ನೆನಪಿರಲಿಲ್ಲ. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದಳು.

"ಅಪ್ಪಾ, ನರಗುಂದಕ್ಕ ಹೋಗೂಣು. ನಾ ಅವ್ರನ್ನ ನೋಡ್ಬೇಕು."

"ಇಲ್ಲವ್ವಾ. ಹ್ವಾದ ವರ್ಷ ತೀರಿಕೊಂಡ್ರಂತ. ಮಣ್ಣಾದ ಮ್ಯಾಲ ನನಗ ಗೊತ್ತಾತು."

ಅವಳು ಸ್ಟೇರಿಂಗ್ ಮೇಲಿನ ಕೈ ತೆಗೆಯಲಿಲ್ಲ, ಗಾಡಿಯನ್ನೂ ಮುಂದೆ ಬಿಡಲಿಲ್ಲ. ಹಿಂದಿನಿಂದ ಬಂದ ಬಸ್ಸೊಂದು ಹಾರ್ನ್ ಹೊಡೆದು ನಮ್ಮನ್ನು ದಾಟಿಕೊಂಡು ಹೋಯಿತು.